ಹದಿನಾಲ್ಕು ಮೇಜುಗಳ ಕಾಮಿಕ್ಸ್ ಹಬ್ಬ

ಚಿಕ್ಕಮಗಳೂರಿನಲ್ಲಿ ಕಾಮಿಕ್ಸ್ ಹಬ್ಬ ಮಾಡುತ್ತೇವೆ ಎಂದಾಗ ಕೇಳಿದವರೆಲ್ಲರ ಪ್ರಶ್ನೆ ಒಂದೇ: 'ಅಮರ ಚಿತ್ರಕಥೆ ಸಿಗುತ್ತದೆಯೇ?' ಅದನ್ನು ಹುಟ್ಟುಹಾಕಿದ ಅನಂತ ಪೈ ಕಾರ್ಕಳದವರು ಎಂಬ ಅಭಿಮಾನ ನನಗೂ ಉಂಟು. ಆದರೆ ನಾವು ಹುಡುಕುತ್ತಿದ್ದದ್ದು ತಾವೇ ಕಥೆ ಕಟ್ಟಿ, ತಾವೇ ಚಿತ್ರ ಬರೆದು, ಕೈಯಿಂದ ದುಡ್ಡು ಹಾಕಿ ಅಚ್ಚು ಮಾಡಿಸುವವರನ್ನು.

ದಿನ ಗೊತ್ತು ಮಾಡುವುದೇ ಮೊದಲ ತಲೆನೋವು. ಜುಲೈ, ಆಗಸ್ಟ್‌ನಲ್ಲಿ ಮಳೆ ಬಿಡುವುದಿಲ್ಲ. ಡಿಸೆಂಬರ್ ಬಂದರೆ ಕಾಫಿ ಕೊಯ್ಲು, ತೋಟದವರು ಪೇಟೆಗೆ ಇಳಿಯುವುದಿಲ್ಲ. ಅಕ್ಟೋಬರಿನ ಒಂದು ಭಾನುವಾರ ಹಿಡಿದೆವು. ಒಂದು ಸಮುದಾಯ ಭವನ, ಶಾಮಿಯಾನದವರಿಂದ 14 ಮೇಜು, ಮೇಜಿಗೆ 200 ರೂಪಾಯಿ. ಲಕ್ಷಗಟ್ಟಲೆ ಜನ ಸೇರುವ ಟೋಕಿಯೊದ ಕಾಮಿಕ್ಸ್ ಸಂತೆ ಕಾಮಿಕೆಟ್ ಕೂಡ 1975ರಲ್ಲಿ ಶುರುವಾದದ್ದು 32 ಗುಂಪುಗಳಿಂದ. ಅರ್ಧದ ಹತ್ತಿರ ಬಂದೆವಲ್ಲ ಎಂದುಕೊಂಡೆ.

ಸಂಘಟಕನ ಮೇಜು ಖಾಲಿ ಇದ್ದರೆ ಮರ್ಯಾದೆ ಇರದು. ನನ್ನ ಪುಸ್ತಕಕ್ಕೆ ಕಥೆ ಹುಡುಕಿಕೊಂಡು ತರೀಕೆರೆ ತಾಲ್ಲೂಕಿನ ಅಮೃತಾಪುರಕ್ಕೆ ಹೋದೆ. 1196ರ ಹೊಯ್ಸಳ ಗುಡಿ. ಹೊರಗೋಡೆಯಲ್ಲಿ 140 ಚಿತ್ರಪಟ್ಟಿಕೆಗಳಿವೆ. ದಕ್ಷಿಣದ 70ರಲ್ಲಿ ರಾಮಾಯಣ, ಅದೂ ಪ್ರದಕ್ಷಿಣೆಗೆ ವಿರುದ್ಧವಾಗಿ ಸಾಗುತ್ತದೆ. ಗೋಡೆಗೆ ಮುಖ ಮಾಡಿ ನಿಂತರೆ ಕನ್ನಡ ಓದಿದಂತೆ ಎಡದಿಂದ ಬಲಕ್ಕೆ! ಉತ್ತರದಲ್ಲಿ ಕೃಷ್ಣನ ಕಥೆ, ಮಹಾಭಾರತ. ಅಲ್ಲಿ ಜಪಾನಿ ಕಾಮಿಕ್ಸಿನಂತೆ ಬಲದಿಂದ ಎಡಕ್ಕೆ. ಆ ಶಿಲ್ಪಿಗಳನ್ನು ಬಿಟ್ಟು ಹಬ್ಬಕ್ಕೆ ಇನ್ಯಾರನ್ನು ಮುಖ್ಯ ಅತಿಥಿ ಮಾಡುವುದು? ಗೋಡೆಯ ಮುಂದೆ ಯಾವ ಕಡೆಯಿಂದ ಓದುವುದೆಂದು ಜಗಳವಾಡುವ ಅಜ್ಜಿ, ಮೊಮ್ಮಗನ ಕಥೆಯನ್ನು 16 ಪುಟಗಳಲ್ಲಿ ಬರೆದೆ.

ಚಿತ್ರಕ್ಕಿಂತ ಮಾತು ಕಾಡಿತು. ಮಾತಿನ ಗುಳ್ಳೆಯನ್ನು ಮೊದಲು ಬಿಡಿಸಿ ಒಳಗೆ ಕನ್ನಡ ತುಂಬಲು ಹೋದರೆ ಕೆಟ್ಟಿತು. ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. 'ಅಜ್ಜಿ, ಇತ್ತ ಬಾ' ಎಂಬಷ್ಟಕ್ಕೇ ಎರಡು ಒತ್ತು. ಕಡೆಗೆ ಅಕ್ಷರ ಮೊದಲು, ಅದರ ಸುತ್ತ ಗುಳ್ಳೆ, ಉಳಿದ ಜಾಗದಲ್ಲಿ ಅಜ್ಜಿ ಎಂದು ಕ್ರಮ ಬದಲಿಸಿದೆ. ಅಜ್ಜಿ ಸ್ವಲ್ಪ ಸಣ್ಣಗಾದಳು.

ಜೆರಾಕ್ಸ್ ಅಂಗಡಿಯಲ್ಲಿ ಪುಟ ತಿರುವುಮುರುವಾಗಿ 40 ಪ್ರತಿ ಹಾಳಾದವು. ತಪ್ಪು ನನ್ನದೇ. ಹಾಳೆಯ ಒಂದೊಂದು ಮಗ್ಗುಲಲ್ಲೂ ಜೋಡಿಯಾಗುವ ಪುಟಗಳ ಮೊತ್ತ 17 ಬರಬೇಕು: 16 ಮತ್ತು 1, ಅದರ ಹಿಂದೆ 2 ಮತ್ತು 15, ಹೀಗೆ. ಈಗ ಅದನ್ನು ಗೋಡೆಗೆ ಅಂಟಿಸಿಕೊಂಡಿದ್ದೇನೆ. ಸ್ಟೇಪ್ಲರ್ ಪುಸ್ತಕದ ನಡುವಿನವರೆಗೆ ತಲುಪುವುದಿಲ್ಲ; ಅದನ್ನು ಪೂರ್ತಿ ಬಿಡಿಸಿ, ಕೆಳಗೆ ಥರ್ಮಕೋಲ್ ಇಟ್ಟು ಒತ್ತಿ, ಪಿನ್ನಿನ ಕಾಲುಗಳನ್ನು ಚಮಚದ ಬೆನ್ನಿನಿಂದ ಮಡಿಸಿದೆ.

ಹಬ್ಬದ ದಿನ ಹನ್ನೊಂದರವರೆಗೆ ನಾವು ನಾವೇ ಒಬ್ಬರ ಪುಸ್ತಕ ಒಬ್ಬರು ಕೊಂಡೆವು. ಆಮೇಲೆ ಜನ ಬಂದರು, ಬಂದವರು ಅಮರ ಚಿತ್ರಕಥೆ ಕೇಳಿದರು, ಇಲ್ಲವೆಂದಾಗ ಬಾಗಿಲ ಕಡೆ ನೋಡಿದರು. ಅವರನ್ನು ತಡೆದದ್ದು ಮೂಲೆಯ ಮೇಜು. ಅಲ್ಲಿ ಒಂದು ಎ4 ಹಾಳೆಯನ್ನು ಎಂಟು ಭಾಗಕ್ಕೆ ಮಡಿಸಿ, ನಡುವೆ ಒಂದೇ ಒಂದು ಕತ್ತರಿ ಹಾಕಿ, ಪಿನ್ನಿಲ್ಲದ ಎಂಟು ಪುಟದ ಪುಸ್ತಕ ಮಾಡುವುದನ್ನು ತೋರಿಸುತ್ತಿದ್ದೆವು. ಮಕ್ಕಳಿಗೆಂದು ಇಟ್ಟ ಕುರ್ಚಿಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಅಪ್ಪಂದಿರು ಕೂತಿದ್ದರು.

ಮೂಡಿಗೆರೆ ಕಡೆಯ ಒಬ್ಬ ಹುಡುಗಿ ಹಲಸಿನ ಹಣ್ಣಿಗೆ ಬಂದ ಆನೆಯ ಕಥೆ ಬರೆದಳು. ಆರು ಪುಟ ಬರೀ ಕತ್ತಲು, ಕಪ್ಪು ಸ್ಕೆಚ್ ಪೆನ್ ಖಾಲಿಯಾಗುವಷ್ಟು. ಏಳರಲ್ಲಿ ಎರಡು ಕಣ್ಣು. ಎಂಟರಲ್ಲಿ ಹಲಸಿನ ಸಿಪ್ಪೆ. ಮಾತೇ ಇಲ್ಲ. ಗುಳ್ಳೆಗಳೊಂದಿಗೆ ಒಂದು ತಿಂಗಳು ಗುದ್ದಾಡಿದ ನನಗೆ ಹೊಟ್ಟೆಕಿಚ್ಚಾಯಿತು. ಮೂವರು ಹತ್ತು ಹತ್ತು ರೂಪಾಯಿ ಹಿಡಿದು ನಿಂತರು. ಇದ್ದದ್ದು ಒಂದೇ ಪ್ರತಿ, ಭಾನುವಾರ ಜೆರಾಕ್ಸ್ ಅಂಗಡಿ ಮುಚ್ಚಿತ್ತು. 'ಕೊಡುವುದಿಲ್ಲ, ಬೇಕಾದರೆ ಇಲ್ಲೇ ನೋಡಿ' ಎಂದು ಅವಳು ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು, ಒಂದೊಂದೇ ಪುಟ ತಿರುವಿ ತೋರಿಸಿದಳು.