ಕಲಬುರಗಿ ಬಿಸಿಲಿಗೆ ತಕ್ಕ ಟರ್ಬೋ ಹುಡುಕಿದ್ದು: ನನ್ನ ಅನುಭವ

ನನ್ನ ಹತ್ತಿರ ಇರುವುದು 2005ರ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್. 1.8 ಲೀಟರ್ ಇಂಜಿನ್, ಒಂದೊಂದು ಸಿಲಿಂಡರಿಗೆ ಐದು ವಾಲ್ವ್, ಹೊಸದಿದ್ದಾಗ 150 ಹಾರ್ಸ್‌ಪವರ್. ಅದರ ಕೆ03 ಟರ್ಬೋ (ಇಂಜಿನ್ನಿನ ಹೊಗೆಯ ಬಲದಿಂದ ತಿರುಗಿ ಇಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಭಾಗ) ಸವೆದು ಹೋಗಿತ್ತು, ಶಾಫ್ಟ್ ಹಿಡಿದು ಅಲ್ಲಾಡಿಸಿದರೆ ಆಡುತ್ತಿತ್ತು. ಹೇಗೂ ಬದಲಿಸಬೇಕು, ಸ್ವಲ್ಪ ದೊಡ್ಡದೇ ಹಾಕೋಣ ಅಂದುಕೊಂಡೆ. ಕೂರಿಸಲು ಎರಡು ವಾರ ಸಾಕಾಯಿತು, ಆದರೆ ಯಾವುದು ಅಂತ ತೀರ್ಮಾನಿಸಲು ನಾಲ್ಕು ತಿಂಗಳು ಹಿಡಿಯಿತು.

ಮೊದಲು ಮನಸ್ಸು ಹೋದದ್ದು ಗ್ಯಾರೆಟ್ ಕಂಪನಿಯ ಜಿ25-550 ಟರ್ಬೋ ಮೇಲೆ. ಹೆಸರಿನಲ್ಲಿರುವ 550 ಅಂದರೆ ಅಷ್ಟು ಹಾರ್ಸ್‌ಪವರಿಗೆ ಬೇಕಾದ ಗಾಳಿ ಅದು ಕೊಡಬಲ್ಲದು ಅಂತ. ಬೀದರಿನ ಗೆಳೆಯನಿಗೆ ಫೋನ್ ಮಾಡಿ ಹೇಳಿದೆ. "ಏನ್ ದೋಸ್ತ, ಯಾವ ರೋಡಿನ ಮ್ಯಾಲ ಓಡಸ್ತಿ ಅದನ್ನ?" ಅಂತ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಓಡಾಡುವುದು ಹುಮನಾಬಾದ್ ರೋಡಿನಲ್ಲಿ, ಅಲ್ಲಿಂದ ಬೀದರಿಗೆ, ಇಲ್ಲಾ ಹೈದರಾಬಾದಿಗೆ. ಮುಂದೆ ತೊಗರಿ ತುಂಬಿದ ಲಾರಿ ಇರುತ್ತದೆ, ಮೂರನೇ ಗೇರಿನಲ್ಲಿ ಅದನ್ನು ದಾಟಬೇಕು, ಆಗ 3,500 ಆರ್‌ಪಿಎಂ ಸುಮಾರಿಗೇ ಎಳೆತ ಸಿಗಬೇಕು. ಅಷ್ಟು ದೊಡ್ಡ ಟರ್ಬೋ ತಿರುಗಿ ಬೂಸ್ಟ್ (ಹೊರಗಿನ ಗಾಳಿಗಿಂತ ಹೆಚ್ಚಿನ ಒತ್ತಡ) ಕೊಡುವ ಹೊತ್ತಿಗೆ ಲಾರಿ ದಾಟುವ ಜಾಗವೇ ಮುಗಿದಿರುತ್ತದೆ, ಅಲ್ವಾ. ಮತ್ತೆ ಈ ಇಂಜಿನ್ನಿನ ಕನೆಕ್ಟಿಂಗ್ ರಾಡುಗಳು ತೆಳ್ಳಗಿವೆ. ಟಾರ್ಕ್ ಅತಿಯಾದರೆ ಬಾಗುತ್ತವೆ. ರಾಡ್ ಬದಲಿಸದೆ 230 ಹಾರ್ಸ್‌ಪವರ್ ಸಾಕು ಅಂತ ಗುರಿ ಇಟ್ಟುಕೊಂಡೆ.

ಆಮೇಲೆ ಲೆಕ್ಕಕ್ಕೆ ಕೂತೆ. ಪೆಟ್ರೋಲ್ ಇಂಜಿನ್ನಿಗೆ ಅಂದಾಜು 10 ಹಾರ್ಸ್‌ಪವರಿಗೆ ನಿಮಿಷಕ್ಕೆ ಒಂದು ಪೌಂಡ್ ಗಾಳಿ ಬೇಕು. ಅಂದರೆ ನನಗೆ ನಿಮಿಷಕ್ಕೆ 23 ಪೌಂಡ್. 6,000 ಆರ್‌ಪಿಎಂನಲ್ಲಿ ಇಷ್ಟು ಗಾಳಿ ಒಳಗೆ ತಳ್ಳಲು ಎಷ್ಟು ಒತ್ತಡ ಬೇಕು ಅನ್ನುವುದು ಆ ಗಾಳಿ ಎಷ್ಟು ಬಿಸಿ ಇದೆ ಅನ್ನುವುದರ ಮೇಲೆ ನಿಂತಿದೆ. ಇಂಜಿನ್ನಿಗೆ ಹೋಗುವ ಗಾಳಿ 40 ಡಿಗ್ರಿ ಇದ್ದರೆ ನನ್ನ ಲೆಕ್ಕಕ್ಕೆ 14 ಪಿಎಸ್‌ಐ (ಚದರ ಇಂಚಿಗೆ ಎಷ್ಟು ಪೌಂಡ್ ಅನ್ನುವ ಒತ್ತಡದ ಅಳತೆ) ಹತ್ತಿರ ಬೂಸ್ಟ್ ಸಾಕು. 60 ಡಿಗ್ರಿ ಇದ್ದರೆ 15.5 ಬೇಕು. ನಮ್ಮ ಊರಿನಲ್ಲಿ ಮೇ ತಿಂಗಳಲ್ಲಿ ಹೊರಗೇ 42 ಡಿಗ್ರಿ ಇರುವಾಗ ಯಾವ ಲೆಕ್ಕ ಹಿಡಿಯಬೇಕು ಅಂತ ನೀವೇ ಹೇಳಿ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ, ಹಾಗಾಗಿ ಇಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟದ 14.7 ಅಲ್ಲ, 13.9 ಪಿಎಸ್‌ಐ. ಪೈಪು, ಇಂಟರ್‌ಕೂಲರ್ (ಒತ್ತಿದ ಬಿಸಿ ಗಾಳಿಯನ್ನು ತಣಿಸುವ ಭಾಗ), ಫಿಲ್ಟರಿನಲ್ಲಿ ಹೋಗುವ ಒತ್ತಡವನ್ನೂ ಸೇರಿಸಿ, ಟರ್ಬೋದಿಂದ ಹೊರಬರುವ ಒತ್ತಡವನ್ನು ಒಳಗೆ ಹೋಗುವ ಒತ್ತಡದಿಂದ ಭಾಗಿಸಿದೆ. ಇದೇ ಪ್ರೆಶರ್ ರೇಶಿಯೋ. ಸಮುದ್ರದ ದಂಡೆಯಲ್ಲಿ 2.2 ಬರುವುದು ನಮ್ಮಲ್ಲಿ 2.34 ಬಂತು.

ಈ ಎರಡು ಅಂಕಿ ಕೈಗೆ ಬಂದ ಮೇಲೆ ಕಂಪ್ರೆಸರ್ ಮ್ಯಾಪ್ (ಟರ್ಬೋ ಎಲ್ಲಿ ಎಷ್ಟು ದಕ್ಷವಾಗಿ ಗಾಳಿ ಒತ್ತುತ್ತದೆ ಅಂತ ತೋರಿಸುವ ನಕ್ಷೆ) ಓದುವುದು ಕಷ್ಟವಲ್ಲ. ಅಡ್ಡ ಗೆರೆಯಲ್ಲಿ ಗಾಳಿ, ಉದ್ದ ಗೆರೆಯಲ್ಲಿ ಪ್ರೆಶರ್ ರೇಶಿಯೋ, ಎರಡೂ ಸೇರುವ ಕಡೆ ಒಂದು ಚುಕ್ಕೆ ಇಡಿ. ಗ್ಯಾರೆಟ್ ಜಿಟಿ2860ಆರ್‌ಎಸ್ ಮ್ಯಾಪಿನಲ್ಲಿ ನನ್ನ ಚುಕ್ಕೆ ಹೆಚ್ಚುಕಡಿಮೆ ನಡುವೆಯೇ ಬಿತ್ತು, ದಕ್ಷತೆ 75 ಶೇಕಡಾ ಮೇಲಿರುವ ಜಾಗದಲ್ಲಿ. ಇದು ಯಾಕೆ ಮುಖ್ಯ ಅಂದರೆ, 42 ಡಿಗ್ರಿ ಗಾಳಿಯನ್ನು ಅಷ್ಟು ಒತ್ತಿದಾಗ 76 ಶೇಕಡಾ ದಕ್ಷತೆಯಲ್ಲಿ ಅದು ಸುಮಾರು 156 ಡಿಗ್ರಿಗೆ ಏರಿ ಹೊರಬರುತ್ತದೆ. ಸಣ್ಣ ಟರ್ಬೋವನ್ನು ಅದರ ಮಿತಿ ಮೀರಿ ಓಡಿಸಿ ದಕ್ಷತೆ 62ಕ್ಕೆ ಇಳಿದರೆ ಅದೇ ಗಾಳಿ 180 ದಾಟುತ್ತದೆ. ಬಿಸಿ ಗಾಳಿ ಅಂದರೆ ನಾಕಿಂಗ್, ಸಿಲಿಂಡರಿನೊಳಗೆ ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ತಾನಾಗಿ ಸಿಡಿಯುವುದು. ನಮ್ಮ ಬಿಸಿಲಿನಲ್ಲಿ ಇಂಜಿನ್ನನ್ನು ಕೊಲ್ಲುವುದು ಅದೇ. ಕೆ03ಯನ್ನೇ ರಿಪೇರಿ ಮಾಡಿ ಸುಮ್ನೆ ಬೂಸ್ಟ್ ಏರಿಸುವ ಯೋಚನೆ ಬಿಟ್ಟದ್ದು ಇದನ್ನು ನೋಡಿಯೇ.

ಜಿಟಿ2860ಆರ್‌ಎಸ್ ಅನ್ನೇ ಆರಿಸಿದೆ. ಅದರ ಟರ್ಬೈನ್ ಹೌಸಿಂಗ್ (ಇಂಜಿನ್ನಿನ ಹೊಗೆ ಹಾದುಹೋಗುವ ಕವಚ) 0.64 ಮತ್ತು 0.86 ಎಂದು ಎರಡು ಅಳತೆಯಲ್ಲಿ ಸಿಗುತ್ತದೆ. ಬೇಗ ತಿರುಗಲಿ ಅಂತ 0.64 ತಗೊಂಡೆ. ಫೆಂಡರ್ ಒಳಗಿನ ಹಳೆಯ ಸಣ್ಣ ಇಂಟರ್‌ಕೂಲರ್ ತೆಗೆದು ಬಂಪರ್ ಹಿಂದೆ ದೊಡ್ಡದು ಹಾಕಿಸಿದೆ. ಇ20 (20 ಶೇಕಡಾ ಎಥನಾಲ್ ಬೆರೆಸಿದ) ಪೆಟ್ರೋಲಿಗೆ ಇಂಧನ ಸ್ವಲ್ಪ ಜಾಸ್ತಿ ಬೇಕಾಗುತ್ತದೆ, ಅದಕ್ಕೆ ನಿಮಿಷಕ್ಕೆ 550 ಸಿಸಿ ಪೆಟ್ರೋಲ್ ಚಿಮ್ಮುವ ಇಂಜೆಕ್ಟರ್, ಜೊತೆಗೆ ಹೊಸ ಪೆಟ್ರೋಲ್ ಪೈಪು. ಹೊಸ ಕ್ಲಚ್ಚೂ ಬೇಕಾಯಿತು.

ಫಿಲ್ಟರ್ ವಿಷಯದಲ್ಲಿ ಮಾತ್ರ ಯಾರ ಮಾತೂ ಕೇಳಲಿಲ್ಲ. ಗ್ಯಾರೇಜಿನವರು ತೆರೆದ ಕೋನ್ ಫಿಲ್ಟರ್ ಹಾಕೋಣ, ಸೌಂಡ್ ಚೆನ್ನಾಗಿ ಬರುತ್ತದೆ ಅಂದರು. ಶಹಾಬಾದ್, ವಾಡಿ, ಮಳಖೇಡ ಕಡೆ ಒಮ್ಮೆ ಓಡಾಡಿ ಬನ್ನಿ. ಸಿಮೆಂಟಿನ ಧೂಳು, ಕಲ್ಲಿನ ಧೂಳು, ಹೊಲದ ಮಣ್ಣು. ಲಕ್ಷ ಆರ್‌ಪಿಎಂ ದಾಟಿ ತಿರುಗುವ ಕಂಪ್ರೆಸರ್ ರೆಕ್ಕೆಗೆ ಆ ಧೂಳು ಉಪ್ಪುಕಾಗದದಂತೆ ಉಜ್ಜುತ್ತದೆ. ಮುಚ್ಚಿದ ಏರ್‌ಬಾಕ್ಸ್, ಪೇಪರ್ ಫಿಲ್ಟರ್ ಇಟ್ಟುಕೊಂಡೆ, 5,000 ಕಿಲೋಮೀಟರಿಗೊಮ್ಮೆ ಬದಲಿಸುತ್ತೇನೆ.

ಕೂರಿಸಿದ ಮೂರನೇ ದಿನ ಸೈಲೆನ್ಸರಿನಿಂದ ನೀಲಿ ಹೊಗೆ ಬಂತು. ಅಷ್ಟು ದುಡ್ಡು ಹಾಕಿದ ಟರ್ಬೋ ಹೋಯಿತು ಅಂತ ಆ ರಾತ್ರಿ ನಿದ್ದೆ ಬರಲಿಲ್ಲ. ಟರ್ಬೋದ ತಪ್ಪಾಗಿರಲಿಲ್ಲ. ಬಾಲ್ ಬೇರಿಂಗ್ ಟರ್ಬೋಗೆ ಆಯಿಲ್ ಕಡಿಮೆ ಸಾಕು, ಆಯಿಲ್ ಹೋಗುವ ದಾರಿಯಲ್ಲಿ ಸುಮಾರು 1 ಮಿಲಿಮೀಟರ್ ತೂತಿನ ರಿಸ್ಟ್ರಿಕ್ಟರ್ ಇರಬೇಕು. ಕೂರಿಸಿದವರು ಅದನ್ನು ಹಾಕದೆ ಬಿಟ್ಟಿದ್ದರು, ಜಾಸ್ತಿ ಬಂದ ಆಯಿಲ್ ಸೀಲ್ ದಾಟಿ ಹೋಗುತ್ತಿತ್ತು. ನಮ್ಮ ಓಣಿಯ ಹಳೆಯ ಮಿಸ್ತ್ರಿ ಪೈಪ್ ಬಿಚ್ಚಿ ನೋಡಿ, "ಇಲ್ಲಿ ಏನೋ ಇರಬೇಕಿತ್ತಲ್ರೀ ಸರ್" ಅಂದರು. ಅದನ್ನು ಹಾಕಿದ ಮೇಲೆ ಹೊಗೆ ನಿಂತಿತು. ಅದೇ ಹೊತ್ತಿಗೆ ಸಂಪ್ ಇಳಿಸಿ ಆಯಿಲ್ ಪಿಕಪ್ ಜಾಲರಿಯನ್ನೂ ತೊಳೆಸಿದೆ, ಈ ಇಂಜಿನ್ನಿನಲ್ಲಿ ಅಲ್ಲಿ ಕೆಸರು ಕಟ್ಟುವುದು ಜಾಸ್ತಿ.

ಈಗ 3,600ರ ಸುಮಾರಿಗೆ ಪೂರ್ತಿ ಬೂಸ್ಟ್ ಬರುತ್ತದೆ. ಅದಕ್ಕಿಂತ ಕೆಳಗೆ ಹಳೆಯ ಕೆ03ಯೇ ಚುರುಕಾಗಿತ್ತು, ನಿಜ. ಪೇಟೆಯಲ್ಲಿ ಗೊತ್ತಾಗುತ್ತದೆ. ಟ್ಯೂನ್ ಮಾಡಿದವರಿಂದ ಇಂಜಿನ್ ಕಂಪ್ಯೂಟರಿಗೆ ಎರಡು ಮ್ಯಾಪ್ (ಬೂಸ್ಟಿನ ಸೆಟ್ಟಿಂಗ್) ಬರೆಸಿಕೊಂಡಿದ್ದೇನೆ. ಮಳೆಗಾಲ, ಚಳಿಗಾಲಕ್ಕೆ 15 ಪಿಎಸ್‌ಐ, ಮಾರ್ಚ್ ಕೊನೆಯಿಂದ ಮೊದಲ ಮಳೆ ಬೀಳುವವರೆಗೆ 12. ಮೊನ್ನೆ ಯುಗಾದಿ ಮುಗಿದ ಮರುದಿನವೇ 12ಕ್ಕೆ ಇಳಿಸಿದೆ.