ಬಳ್ಳಾರಿ ಬಿಸಿಲಲ್ಲಿ ಸೀರಮ್ ಡ್ರಾಪ್ಸ್: ನನ್ನ ಅನುಭವ

ಒಣಗಣ್ಣಿಗೆ ರೋಗಿಯ ರಕ್ತದ ಸೀರಮ್‌ನಿಂದಲೇ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಕಣ್ಣಿನ ಹನಿ ಮಾಡುವುದು ದೊಡ್ಡ ಊರಿನ ಕೆಲಸ, ಬಳ್ಳಾರಿ ಸೆಕೆಗೆ ಅದು ವಾರದೊಳಗೆ ಕೆಡುತ್ತದೆ ಅಂತ ಜೊತೆಯವರು ನಗುತ್ತಿದ್ದರು. ಈಗ ಅವರೇ ಚೀಟಿ ಬರೆದು ರೋಗಿಗಳನ್ನು ಕಳಿಸುತ್ತಾರೆ.

ಎಲ್ಲ ಒಣಗಣ್ಣಿಗೂ ಇದು ಬೇಡ. ಇಲ್ಲಿ ಕಣ್ಣುರಿ ಅಂದರೆ ಗಣಿ ಧೂಳು, ಜೀನ್ಸ್ ಹೊಲಿಗೆ ಅಂತ ಹೇಳಿ ಒಂದು ಬಾಟಲಿ ಸಿಎಂಸಿ (ಕೃತಕ ಕಣ್ಣೀರು) ಕೊಟ್ಟು ಕಳಿಸುವುದೇ ರೂಢಿ. ಇದು ಬೇಕಾದ ಶೋಗ್ರೆನ್ಸ್ ಕೇಸುಗಳು (ದೇಹದ ರಕ್ಷಣಾ ವ್ಯವಸ್ಥೆಯೇ ಕಣ್ಣೀರು, ಎಂಜಲು ಗ್ರಂಥಿಗಳ ಮೇಲೆ ತಿರುಗಿಬೀಳುವ ಕಾಯಿಲೆ) ಅಲ್ಲೇ ತಪ್ಪಿಹೋಗುತ್ತವೆ. ನಾನು ಕೇಳುವುದು ಒಂದೇ: "ಜೋಳದ ರೊಟ್ಟಿ ನೀರಿಲ್ಲದೆ ಇಳಿಯುತ್ತಾ?" ಇಲ್ಲ ಅಂದರೆ, ಜೊತೆಗೆ ಬೆಳಿಗ್ಗೆ ಬೆರಳ ಗಿಣ್ಣು ಅರ್ಧ ಗಂಟೆ ಬಿಗಿದಿದ್ದರೆ, ಆಂಟಿ-ಆರ್‌ಒ ಎಂಬ ರಕ್ತಪರೀಕ್ಷೆ ಬರೆದುಬಿಡುತ್ತೇನೆ. ಶೋಗ್ರೆನ್ಸ್ ಗುರುತಿಸುವ 2016ರ ಮಾನದಂಡದಲ್ಲಿ ಅದು ಪಾಸಿಟಿವ್ ಬಂದರೆ 3 ಅಂಕ. ಅರಿವಳಿಕೆ ಹಾಕದೆ ಮಾಡಿದ ಶಿರ್ಮರ್ (ರೆಪ್ಪೆಯಲ್ಲಿ ಕಾಗದದ ಪಟ್ಟಿ ಇಟ್ಟು ಕಣ್ಣೀರು ಅಳೆಯುವ ಪರೀಕ್ಷೆ) 5 ನಿಮಿಷಕ್ಕೆ 5 ಮಿಮೀ ಅಥವಾ ಕಡಿಮೆ ಬಂದರೆ ಇನ್ನೊಂದು ಅಂಕ. ಒಟ್ಟು 4 ಆದರೆ ಸಾಕು. ಆಂಟಿ-ಆರ್‌ಒ ನೆಗೆಟಿವ್ ಬಂತು ಅಂತ ಕೈಬಿಡಬೇಡಿ, ತುಟಿಯ ಸಣ್ಣ ಎಂಜಲು ಗ್ರಂಥಿ ತೆಗೆದು ನೋಡುವ ಬಯಾಪ್ಸಿ ಇದೆ. ಶಿರ್ಮರ್ ಹಾಕುವಾಗ ಫ್ಯಾನ್ ಆರಿಸಿ. ನಮ್ಮ ಒಣಹವೆಗೆ ಪಟ್ಟಿ ಕಣ್ಣಲ್ಲಿದ್ದಾಗಲೇ ಆರುತ್ತದೆ.

ಇನ್ನು ತಯಾರಿ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ವಿಡಿಆರ್‌ಎಲ್ (ಸಿಫಿಲಿಸ್ ಪರೀಕ್ಷೆ) ನೋಡಿದ ಮೇಲೆ ಸುಮಾರು 40 ಎಂಎಲ್ ರಕ್ತ, ಜೆಲ್ ಇಲ್ಲದ ಸಾದಾ ಟ್ಯೂಬಿಗೆ. ಹಿಮೋಗ್ಲೋಬಿನ್ ಕಡಿಮೆ ಇದ್ದವರಿಂದ ಅರ್ಧ ಮಾತ್ರ. ಎರಡು ಗಂಟೆ ಎಸಿ ಕೋಣೆಯಲ್ಲಿ ಅಲುಗಾಡಿಸದೆ ಇಡಬೇಕು. ಅವಸರ ಮಾಡಿದರೆ ಫೈಬ್ರಿನ್ (ರಕ್ತ ಹೆಪ್ಪುಗಟ್ಟಿಸುವ ನಾರು) ಎಳೆ ಉಳಿದು 0.22 ಮೈಕ್ರಾನ್ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಒಂದು ಫಿಲ್ಟರ್ ನೂರೈವತ್ತು ರೂಪಾಯಿ ಆಸುಪಾಸು, ಶುರುವಿನಲ್ಲಿ ದುಡ್ಡು ಹೋದದ್ದೆಲ್ಲ ಇದಕ್ಕೇ. ಆಮೇಲೆ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಜೋರಾಗಿ ತಿರುಗಿಸಬೇಕು: 3000 ಜಿ (ಗುರುತ್ವಬಲದ 3000 ಪಟ್ಟು), 15 ನಿಮಿಷ. 3000 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಅಲ್ಲ! 10 ಸೆಂಮೀ ತ್ರಿಜ್ಯದ ರೋಟರಿನಲ್ಲಿ 3000 ಆರ್‌ಪಿಎಂ ಅಂದರೆ ಬರೀ ಸಾವಿರ ಜಿ. ಅಲ್ಲಿ 5200ರ ಹತ್ತಿರ ಓಡಿಸಬೇಕು. ಹಳೇ ಸೆಂಟ್ರಿಫ್ಯೂಜ್ ಕೊಳ್ಳುವವರು ಇದನ್ನು ನೋಡಿ ಕೊಳ್ಳಿ.

ಸೀರಮ್ ಹೊಂಬಣ್ಣ ಇರಬೇಕು. ಗುಲಾಬಿ ತಿರುಗಿದ್ದರೆ ರಕ್ತಕಣ ಒಡೆದಿವೆ, ಚೆಲ್ಲಿ. ಸಣ್ಣ ಸೂಜಿಯಲ್ಲಿ ಜಗ್ಗಿ ಎಳೆದಾಗ ಹೀಗಾಗುತ್ತದೆ. ನರ ಸಣ್ಣಗಿರುವ ಸಂಧಿವಾತದ ಹೆಂಗಸರಿಂದ ಒಡೆಯದಂತೆ ತೆಗೆಯುವ ಕೈಚಳಕ ಬರೆದು ತಿಳಿಸುವಂಥದ್ದಲ್ಲ, ಬಂದು ನೋಡಿದವರಿಗೆ ತೋರಿಸುತ್ತೇನೆ.

ಒಂದು ಪಾಲು ಸೀರಮ್‌ಗೆ ನಾಲ್ಕು ಪಾಲು ಸ್ಟೆರೈಲ್ ಸಲೈನ್, ಅಂದರೆ 20%. ಬೆರೆಸುವುದು, ಸೋಸುವುದು, ತುಂಬುವುದು ಎಲ್ಲ ಲ್ಯಾಮಿನಾರ್ ಫ್ಲೋ (ಸೋಸಿದ ಶುದ್ಧ ಗಾಳಿ ಹರಿಸುವ ಪೆಟ್ಟಿಗೆ) ಕೆಳಗೇ. 2 ಎಂಎಲ್ ಬಾಟಲಿಗೆ ತುಂಬಿ ಫಾಯಿಲ್ ಸುತ್ತಬೇಕು, ಬೆಳಕು ತಾಗಿದರೆ ವಿಟಮಿನ್ ಎ ಹಾಳು. ಒಂದು ಬ್ಯಾಚಿಗೆ ಮೂವತ್ತು-ನಲವತ್ತು ಬಾಟಲಿ, ಖರ್ಚು ಸಾವಿರದ ಮೇಲೆ ಸ್ವಲ್ಪ. ಮೈನಸ್ 20 ಡಿಗ್ರಿಯಲ್ಲಿ ಮೂರು ತಿಂಗಳು ತಡೆಯುತ್ತದೆ.

ಸೋಲು ಬಂದದ್ದೆಲ್ಲ ಕರೆಂಟ್ ಹೋಗಿದ್ದರಿಂದ. ಕರಗಿದ್ದು ಮತ್ತೆ ಹೆಪ್ಪುಗಟ್ಟಿದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಅದಕ್ಕೆ ಫ್ರೀಜರಿನಲ್ಲಿ ಒಂದು ಲೋಟ ಐಸು, ಅದರ ಮೇಲೆ ಒಂದು ರೂಪಾಯಿ ನಾಣ್ಯ. ನಾಣ್ಯ ತಳಕ್ಕಿಳಿದಿದ್ದರೆ ಒಳಗಿದ್ದ ಅಷ್ಟೂ ಬಾಟಲಿ ಕಸಕ್ಕೆ. ಸಿರುಗುಪ್ಪ, ಸಂಡೂರು ಕಡೆಯವರಿಗೆ ವಾರಕ್ಕಾಗುವಷ್ಟನ್ನೇ ಐಸ್ ತುಂಬಿದ ಥರ್ಮಾಸಿನಲ್ಲಿ ಕೊಡುತ್ತೇವೆ. ಮನೆಯಲ್ಲಿ ಫ್ರಿಜ್ ಒಳಗೆ, ಬಾಗಿಲಲ್ಲಿ ಅಲ್ಲ. ತೆರೆದ ಬಾಟಲಿ ಒಂದೇ ದಿನ, ಆರರಿಂದ ಎಂಟು ಸಲ. ಇದರಲ್ಲಿ ಪ್ರಿಸರ್ವೇಟಿವ್ ಇಲ್ಲ, ಉಳಿಸಿಕೊಂಡರೆ ಸೋಂಕು ಗ್ಯಾರಂಟಿ.

50% ಮಾಡಿಯೂ ನೋಡಿದೆ. ರಕ್ತ ಎರಡೂವರೆ ಪಟ್ಟು ಬೇಕು, ಸ್ಟೇನಿಂಗ್‌ನಲ್ಲಿ (ಬಣ್ಣ ಹಾಕಿ ಕಣ್ಣಿನ ಮೇಲ್ಮೈ ಹಾನಿ ನೋಡುವುದು) ಹೇಳುವಂಥ ವ್ಯತ್ಯಾಸ ಕಾಣಲಿಲ್ಲ, ಬಿಟ್ಟೆ. ಪಂಕ್ಟಲ್ ಪ್ಲಗ್ (ಕಣ್ಣೀರು ಹರಿದುಹೋಗುವ ರಂಧ್ರಕ್ಕೆ ಹಾಕುವ ಬಿರಡೆ) ಮೊದಲೇ ಹಾಕಿದರೆ ಉರಿಯೂತದ ನೀರೇ ಕಣ್ಣಲ್ಲಿ ನಿಲ್ಲುತ್ತದೆ, ಉರಿಯೂತ ಇಳಿಸುವ ಸೈಕ್ಲೋಸ್ಪೊರಿನ್ 0.05% ಹನಿ ಎರಡು-ಮೂರು ತಿಂಗಳು ಓಡಿಸಿ ಆಮೇಲೆ ಪ್ಲಗ್ ಹಾಕುವುದು ವಾಸಿ. ಸಂಧಿವಾತಕ್ಕೆ ಹೈಡ್ರಾಕ್ಸಿಕ್ಲೋರೊಕ್ವಿನ್ ಮಾತ್ರೆ ಮೇಲಿರುವವರಿಗೆ ದಿನಕ್ಕೆ ತೂಕದ ಕೆಜಿಗೆ 5 ಮಿಗ್ರಾಂ ದಾಟಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ, ಐದು ವರ್ಷವಾದ ಮೇಲೆ ವರ್ಷಕ್ಕೊಮ್ಮೆ ಓಸಿಟಿ (ಈ ಮಾತ್ರೆಯಿಂದ ಅಕ್ಷಿಪಟಕ್ಕೆ ಹಾನಿಯಾಗಿದೆಯೇ ಅಂತ ನೋಡುವ ಸ್ಕ್ಯಾನ್). ಕಿವಿ ಕೆಳಗಿನ ಗ್ರಂಥಿ ಒಂದೇ ಕಡೆ ಗಟ್ಟಿಯಾಗಿ ಊದಿ ಇಳಿಯದಿದ್ದರೆ ಲಿಂಫೋಮಾ ಎಂಬ ಕ್ಯಾನ್ಸರ್ ಇದೆಯೇ ಅಂತ ನೋಡಬೇಕು. ಹನಿ ಚೆನ್ನಾಗಿ ಹಿಡಿದಿದೆ ಅಂತ ಕಾಯದೆ ಅಂದೇ ರುಮಟಾಲಜಿಸ್ಟ್ (ಸಂಧಿವಾತ ತಜ್ಞ) ಹತ್ತಿರ ಕಳಿಸಿ.