ಜಠರ ಕ್ಯಾನ್ಸರಿನ ಜೀನ್ ವರದಿ: ಯಾವ ಸಾಲನ್ನು ಮೊದಲು ಓದಬೇಕು?

ಜಠರ ಕ್ಯಾನ್ಸರ್ ಖಚಿತವಾದ ಮೇಲೆ ಈಗ ಹಲವರ ಕೈಗೆ ಬಯಾಪ್ಸಿ ವರದಿಯ ಜೊತೆ ಜೀನ್ ಪರೀಕ್ಷೆಯ ವರದಿಯೂ ಬರುತ್ತದೆ. ಪುಟಗಟ್ಟಲೆ ಹೆಸರುಗಳಿರುತ್ತವೆ. ಅವನ್ನೆಲ್ಲ ಅರಗಿಸಿಕೊಳ್ಳಬೇಕಿಲ್ಲ, ಚಿಕಿತ್ಸೆಯನ್ನು ಬದಲಿಸುವ ಸಾಲುಗಳು ಬೆರಳೆಣಿಕೆಯಷ್ಟೇ.

ಜೀನ್‌ಗಳಿಗೆ ಹೋಗುವ ಮೊದಲು ರೋಗದ ಹಂತ ನೋಡಿ. ಗಡ್ಡೆ ಜಠರದ ಗೋಡೆಯಲ್ಲಿ ಎಷ್ಟು ಆಳಕ್ಕೆ ಇಳಿದಿದೆ, ದುಗ್ಧಗ್ರಂಥಿಗಳಿಗೋ ಯಕೃತ್ತಿಗೋ ಹರಡಿದೆಯೇ ಎಂಬುದೇ ಇವತ್ತಿಗೂ ರೋಗಿಯ ಮುಂದಿನ ದಾರಿಯನ್ನು ಹೆಚ್ಚಾಗಿ ನಿರ್ಧರಿಸುತ್ತದೆ.

ಬಳಿಕ ಎಚ್‌ಇಆರ್2 ಸಾಲು. ಈ ಜೀನಿನ ಪ್ರತಿಗಳು ಮಿತಿಮೀರಿದರೆ ಕೋಶದ ಮೇಲ್ಮೈಯಲ್ಲಿ ಅದರ ಪ್ರೋಟೀನ್ ದಟ್ಟವಾಗುತ್ತದೆ. ಆ ಪ್ರೋಟೀನಿಗೆ ಬಣ್ಣ ಹಾಕಿ ನೋಡಿ ಕೊಡುವ ಅಂಕ 3+ ಎಂದಿದ್ದರೆ ಪಾಸಿಟಿವ್. 0 ಅಥವಾ 1+ ಎಂದಿದ್ದರೆ ನೆಗೆಟಿವ್. 2+ ಎಂದಿದ್ದರೆ ಅಲ್ಲಿಗೇ ಬಿಡಬೇಡಿ, ಜೀನಿನ ಪ್ರತಿಗಳನ್ನು ಎಣಿಸುವ ಫಿಶ್ ಪರೀಕ್ಷೆ ಆಗಿದೆಯೇ ಎಂದು ಕೇಳಿ. 2010ರಲ್ಲಿ ಪ್ರಕಟವಾದ ಟೋಗಾ ಪ್ರಯೋಗದಲ್ಲಿ, ರೋಗ ಮುಂದುವರಿದಿದ್ದ ಎಚ್‌ಇಆರ್2 ಪಾಸಿಟಿವ್ ರೋಗಿಗಳಿಗೆ ಬರೀ ಕಿಮೋ ಕೊಟ್ಟಾಗ ಬದುಕಿನ ಮಧ್ಯಾಂಕ ಅವಧಿ 11.1 ತಿಂಗಳಿತ್ತು, ಆ ಪ್ರೋಟೀನನ್ನೇ ಗುರಿಯಾಗಿಸುವ ಟ್ರಾಸ್ಟುಜುಮಾಬ್ ಔಷಧಿ ಸೇರಿಸಿದಾಗ 13.8 ತಿಂಗಳಾಯಿತು. ದೊಡ್ಡ ಜಿಗಿತವೇನಲ್ಲ, ಆದರೆ ಈ ಕಾಯಿಲೆಯಲ್ಲಿ ಗಡ್ಡೆಯ ಗುಣ ನೋಡಿ ಔಷಧಿ ಆರಿಸುವ ಪದ್ಧತಿಗೆ ಬಲ ಬಂದದ್ದು ಅದರಿಂದಲೇ. ಒಂದು ತೊಡಕಿದೆ: ಜಠರದ ಗಡ್ಡೆಯ ಒಂದು ಚೂರು ಪಾಸಿಟಿವ್ ಇದ್ದು ಪಕ್ಕದ ಚೂರು ನೆಗೆಟಿವ್ ಇರಬಹುದು. ಎಂಡೋಸ್ಕೋಪಿಯಲ್ಲಿ ಹಲವು ಚೂರುಗಳನ್ನು ತೆಗೆಯಲು ಇದೂ ಒಂದು ಕಾರಣ.

ಮುಂದೆ ಎಂಎಸ್‌ಐ, ಅಂದರೆ ಡಿಎನ್‌ಎಯಲ್ಲಿ ಮರುಕಳಿಸುವ ಸಣ್ಣ ತುಣುಕುಗಳ ಅಸ್ಥಿರತೆ. ನನ್ನ ಮಟ್ಟಿಗೆ ವರದಿಯಲ್ಲಿ ಅತ್ಯಂತ ಕುತೂಹಲದ ಸಾಲು ಇದು. ಡಿಎನ್‌ಎ ನಕಲಾಗುವಾಗಿನ ತಪ್ಪುಗಳನ್ನು ತಿದ್ದುವ ವ್ಯವಸ್ಥೆ ಕೆಟ್ಟಾಗ, ಹೆಚ್ಚಾಗಿ ಎಂಎಲ್‌ಎಚ್1 ಜೀನ್ ಮೌನವಾದಾಗ, ಗಡ್ಡೆಯಲ್ಲಿ ಮಾರ್ಪಾಡುಗಳು ರಾಶಿ ಬೀಳುತ್ತವೆ. ಮಾರ್ಪಾಡು ಹೆಚ್ಚಿದ್ದರೆ ಪರಿಣಾಮ ಕೆಟ್ಟದ್ದು ಎಂದು ಯಾರಿಗಾದರೂ ಅನಿಸುತ್ತದೆ. ಇಲ್ಲಿ ಆಗುವುದು ತಿರುವುಮುರುವು. ಅಷ್ಟೊಂದು ವಿಚಿತ್ರ ಪ್ರೋಟೀನ್‌ಗಳನ್ನು ಕಂಡ ರೋಗನಿರೋಧಕ ಕೋಶಗಳು ಗಡ್ಡೆಯನ್ನು ಗುರುತಿಸುತ್ತವೆ. ಶಸ್ತ್ರಚಿಕಿತ್ಸೆ ಸಾಧ್ಯವಿರುವ ಹಂತದಲ್ಲಿ ಇಂಥವರ ಫಲಿತಾಂಶ ಸಾಮಾನ್ಯವಾಗಿ ಉತ್ತಮ, ಹರಡಿದ ಹಂತದಲ್ಲೂ ಆ ಕೋಶಗಳಿಗೆ ಬಲ ಕೊಡುವ ಇಮ್ಯುನೊಥೆರಪಿ ಚೆನ್ನಾಗಿ ಕೆಲಸ ಮಾಡುತ್ತದೆ. ಬ್ರಿಟನ್ನಿನ ಮ್ಯಾಜಿಕ್ ಪ್ರಯೋಗದ ಮಾದರಿಗಳನ್ನು ಮರುಪರಿಶೀಲಿಸಿದಾಗ, ಈ ಬಗೆಯ ರೋಗಿಗಳಲ್ಲಿ ಶಸ್ತ್ರಚಿಕಿತ್ಸೆಯ ಜೊತೆ ಕಿಮೋ ಪಡೆದವರಿಗಿಂತ ಬರೀ ಶಸ್ತ್ರಚಿಕಿತ್ಸೆಯಾದವರೇ ಹೆಚ್ಚು ಕಾಲ ಬದುಕಿದ್ದರು. ಅಂಥವರ ಸಂಖ್ಯೆ ಸಣ್ಣದಾದ್ದರಿಂದ ಅದನ್ನು ಹಿಡಿದುಕೊಂಡು ನಾವೇ ಕಿಮೋ ಬೇಡ ಎನ್ನುವಂತಿಲ್ಲ. ಆದರೆ ಚಿಕಿತ್ಸೆ ಶುರುವಾಗುವ ಮೊದಲೇ ಎಂಎಸ್‌ಐ ಫಲಿತಾಂಶ ಕೇಳಲು ಅಷ್ಟು ಕಾರಣ ಸಾಕು.

ಕೋಶದ ಮೇಲ್ಮೈಯ ಇನ್ನೊಂದು ಪ್ರೋಟೀನಾದ ಕ್ಲಾಡಿನ್ 18.2 ಪಾಸಿಟಿವ್ ಎಂದಿದ್ದರೆ ಅದನ್ನು ಗುರಿಯಾಗಿಸುವ ಝೋಲ್ಬೆಟುಕ್ಸಿಮಾಬ್ ಔಷಧಿಯ ಬಗ್ಗೆ ವಿಚಾರಿಸಿ. 2024ರಲ್ಲಿ ಜಪಾನ್ ಮತ್ತು ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟಿವೆ.

ಟಿಪಿ53 ಎಂಬ ಜೀನಿನ ಹೆಸರು ಬಹಳ ವರದಿಗಳಲ್ಲಿ ಕಾಣುತ್ತದೆ. ದಪ್ಪಕ್ಷರದಲ್ಲಿ ಮುದ್ರಿಸಿದ್ದರೂ ಗಾಬರಿ ಬೇಡ, ಸದ್ಯಕ್ಕೆ ಅದೊಂದರಿಂದಲೇ ಔಷಧಿ ಬದಲಾಗುವುದಿಲ್ಲ. ‘ಮಹತ್ವ ತಿಳಿಯದ ಮಾರ್ಪಾಡು’ ಎಂಬ ಪಟ್ಟಿಯನ್ನಂತೂ ಇಂಟರ್‌ನೆಟ್ಟಿನಲ್ಲಿ ಹುಡುಕುತ್ತಾ ರಾತ್ರಿ ನಿದ್ದೆಗೆಡಬೇಡಿ.

ಕೊನೆಗೆ ಸಿಡಿಎಚ್1. ಈ ಜೀನಿನ ಮಾರ್ಪಾಡು ಗಡ್ಡೆಯಲ್ಲಿ ಮಾತ್ರ ಕಂಡಿತೋ, ರಕ್ತದ ಪರೀಕ್ಷೆಯಲ್ಲೂ ಇದೆಯೋ ಎಂದು ಕೇಳಬೇಕು. ರಕ್ತದಲ್ಲಿದ್ದರೆ ಅದು ಹುಟ್ಟಿನಿಂದ ಬಂದದ್ದು, ಮಕ್ಕಳಿಗೆ ದಾಟುವ ಸಾಧ್ಯತೆ ಅರ್ಧಕ್ಕರ್ಧ. 1998ರಲ್ಲಿ ನ್ಯೂಜಿಲೆಂಡಿನ ಮೂಲನಿವಾಸಿ ಮಾವೊರಿ ಕುಟುಂಬದಲ್ಲಿ ಈ ಜೀನಿಗೂ ಮನೆತನದಲ್ಲಿ ಬರುವ ಜಠರ ಕ್ಯಾನ್ಸರಿಗೂ ಇರುವ ನಂಟು ಪತ್ತೆಯಾಯಿತು. ಇಂಥ ಕ್ಯಾನ್ಸರ್ ಒಳಪದರದ ಅಡಿಯಲ್ಲಿ ಚದುರಿಕೊಂಡು ಬೆಳೆಯುವುದರಿಂದ ಎಂಡೋಸ್ಕೋಪಿಯ ಕಣ್ಣು ತಪ್ಪಿಸಬಲ್ಲದು. ಆ ಕಾರಣಕ್ಕೇ ಕೆಲವರಿಗೆ ರೋಗ ಬರುವ ಮೊದಲೇ ಜಠರ ತೆಗೆಸುವ ಸಲಹೆ ಕೊಡುತ್ತಾರೆ. ಮನೆತನದ ಹೆಂಗಸರಿಗೆ ಸ್ತನ ಕ್ಯಾನ್ಸರಿನ ಒಂದು ಬಗೆಯ ಅಪಾಯವೂ ಹೆಚ್ಚು. ಜೆನೆಟಿಕ್ ಕೌನ್ಸೆಲರ್ ಬಳಿ ಹೋಗುವಾಗ ತಾಯಿ, ತಂದೆ ಎರಡೂ ಕಡೆಯವರಲ್ಲಿ ಯಾರಿಗೆ, ಎಷ್ಟನೇ ವಯಸ್ಸಿನಲ್ಲಿ, ಯಾವ ಕ್ಯಾನ್ಸರ್ ಬಂದಿತ್ತು ಎಂಬುದನ್ನು ಬರೆದುಕೊಂಡು ಹೋಗಿ.